ಖಾಲಾಗೆ ಒಂದು ಹಿಡಿ ಸುಣ್ಣ

ಶಿಡ್ಲಘಟ್ಟದಲ್ಲಿ ಹುಳುವಿನಿಂದ ಹೊಟ್ಟೆ ಹೊರೆಯದವರು ಅಪರೂಪ. ಆದರೆ ಹುಳುಗಳ ಹೊಟ್ಟೆ ಹೊರೆದವಳು, ನನಗೆ ತಿಳಿದಂತೆ, ಮಹಮೂದಾ ಒಬ್ಬಳೇ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವಳ ತಮ್ಮ ಷರೀಫನ ರೀಲಿಂಗ್ ಮನೆ. ನಾಲ್ಕು ಬೇಸಿನ್ನು, ನಾಲ್ಕರ ಮುಂದೂ ಬೇಸರ. ಸೌದೆ ಒಲೆಯ ಮೇಲೆ ಕುದಿಯುವ ನೀರಿಗೆ ರೇಷ್ಮೆ ಗೂಡು ಸುರಿಯಬೇಕು. ಒಳಗಿನ ಹುಳು ಬೆಂದು, ಗೂಡು ಮೆತ್ತಗಾಗಿ, ಎಳೆಯ ತುದಿ ಬಿಟ್ಟುಕೊಡುತ್ತದೆ. ಆ ತುದಿಯನ್ನು ಬೆರಳಲ್ಲಿ ಹಿಡಿದು ರಾಟೆಗೆ ಕೊಡಬೇಕು. ಮಹಮೂದಾ ಈ ಕೆಲಸಕ್ಕೆ ಕೂತದ್ದು ಅಪ್ಪನ ಕಾಲದಲ್ಲಿ, ಹದಿಮೂರನೆಯ ವಯಸ್ಸಿಗೆ. ನಾನು ಚಿಕ್ಕಬಳ್ಳಾಪುರದಿಂದ ಇಲ್ಲಿನ ಅಂಚೆ ಕಚೇರಿಗೆ ವರ್ಗವಾಗಿ ಬಂದು ಅವಳನ್ನು ಕಂಡದ್ದು ೧೯೮೫ರಲ್ಲಿ. ಆಗ ಅವಳಿಗೆ ಮೂವತ್ತೈದು, ಅವಳ ಬೆರಳುಗಳಿಗೆ ಎಪ್ಪತ್ತು. ತುದಿಗಳು ನೆಂದು ಬೆಳ್ಳಗಾಗಿ, ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕಚೇರಿಯಲ್ಲಿ ಒಮ್ಮೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾಗದದ ಮೇಲೆ ಬರೀ ಒಂದು ನೀಲಿ ಚುಕ್ಕೆ ಬಿತ್ತು. ಉರ್ದು ಚೆನ್ನಾಗಿ ಬರೆಯಬಲ್ಲವಳಿಂದ ಹೆಬ್ಬೆಟ್ಟು ಯಾಕೆ ಒತ್ತಿಸಿದಿರಿ ಎಂದು ಅವಳು ಕೇಳಲಿಲ್ಲ. ನನಗೇ ಆಮೇಲೆ ನಾಚಿಕೆಯಾಯಿತು.

ಒಲೆಗೆ ಬೇಕಾದ ಸೌದೆ ಗಾಡಿಗಟ್ಟಲೆ ಬರುತ್ತಿತ್ತು. ಸೌದೆಯ ಜೊತೆ, ಟಿಕೆಟ್ಟಿಲ್ಲದ ಪ್ರಯಾಣಿಕರಂತೆ, ಬೆಟ್ಟದ ಪ್ರಾಣಿಗಳೂ ಬರುತ್ತಿದ್ದವು. ಕರಿ ಚೇಳು, ಜರಿ, ಸಾವಿರ ಕಾಲಿನ ಹುಳ, ಕಡ್ಡಿಯಂತೆ ನಟಿಸುವ ಕಡ್ಡಿಹುಳ. ಉಳಿದವರು ಚಪ್ಪಲಿ ಎತ್ತುತ್ತಿದ್ದರು, ಮಹಮೂದಾ ಲೋಟ ಮುಚ್ಚುತ್ತಿದ್ದಳು. ಹೀಗೆ ಶುರುವಾದದ್ದು ಕೊನೆಗೆ ಸೌದೆ ಕೋಣೆಯ ಹಲಗೆಯ ಮೇಲೆ ಹತ್ತೊಂಬತ್ತು ಬಾಟಲಿಗಳಾಗಿ ನಿಂತಿತು. ಅವುಗಳಲ್ಲಿ ಎಂಟು ಹಾರ್ಲಿಕ್ಸ್ ಬಾಟಲಿಗಳನ್ನು ಕೊಟ್ಟವಳು ನಾನು. ಅದರಲ್ಲಿದ್ದ ಶಕ್ತಿ ನನಗೆ ಬಂದಿರಲಿಲ್ಲ, ಚೇಳಿಗಾದರೂ ಬರಲಿ ಎಂದು.

ಹತ್ತೊಂಬತ್ತನೆಯದು ಬಾಟಲಿಯಲ್ಲ, ಬೇಕರಿಯವರು ಬಿಸ್ಕತ್ತು ತುಂಬುವ ದೊಡ್ಡ ಗಾಜಿನ ಭರಣಿ. ಅದರಲ್ಲಿ ಖಾಲಾ. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ. ಈ ಚಿಕ್ಕಮ್ಮ ಒಂದು ಜೇಡ. ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡವಲ್ಲ, ಬಿಲದಲ್ಲಿ ವಾಸಿಸುವ, ಮೈತುಂಬ ಕಂದು ಕೂದಲಿನ, ಕಾಲು ಚಾಚಿದರೆ ಅಂಗೈ ತುಂಬುವ ಜೇಡ. ೧೯೮೧ರಲ್ಲಿ ಒಂದು ಹುಣಸೆ ಬೊಡ್ಡೆಯ ಪೊಟರೆಯಲ್ಲಿ ಬಂದಾಗ ಹೆಬ್ಬೆರಳ ಉಗುರಿನಷ್ಟಿತ್ತಂತೆ. ಖಾಲಾ ಭರಣಿಯಿಂದ ಹೊರಬಂದರೆ ಕೋಣೆ ಖಾಲಿ. ಷರೀಫನ ಹೆಂಡತಿ ಬಾನು ಮದುವೆಯಾಗಿ ಬಂದ ಮೇಲೆ ಸೌದೆ ಕೋಣೆಯ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಮಹಮೂದಾಳನ್ನು ನೋಡಲು ಗೌರಿಬಿದನೂರಿನಿಂದ ಬಂದಿದ್ದ ಕೊನೆಯ ಗಂಡಿನ ಕಡೆಯವರು ಹಲಗೆ ನೋಡಿ, ಚಹಾ ಕುಡಿಯದೆ ಎದ್ದರಂತೆ. ಅದನ್ನು ಹೇಳುವಾಗ ಅವಳು ನಗುತ್ತಿದ್ದಳು. ಚಹಾ ವ್ಯರ್ಥವಾಗಲಿಲ್ಲ, ತಾನೇ ಕುಡಿದೆ ಎನ್ನುತ್ತಿದ್ದಳು.

ಈ ಪ್ರಾಣಿಗಳೆಲ್ಲ ಬೆಳೆಯಬೇಕಾದರೆ ಹಳೆಯ ಚರ್ಮ ಬಿಡಬೇಕು. ಅದನ್ನು ಪೊರೆ ಬಿಡುವುದು ಎನ್ನುತ್ತೇವೆ. ‘ಪೊರೆ’ ಎಂದರೆ ಕಾಪಾಡು ಎಂದು ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯಲ್ಲಿ ಕಲಿತವಳು ನಾನು. ಕಳಚಿ ಬಿಸಾಡುವುದಕ್ಕೂ ಅದೇ ಪದ ಎಂದು ತಿಳಿದ ದಿನದಿಂದ, ದಿನಾ ಬೆಳಗ್ಗೆ ದೇವರನ್ನು ನಿಜವಾಗಿ ಏನು ಕೇಳುತ್ತಿದ್ದೇನೆ ಎಂಬ ಅನುಮಾನ ಹುಟ್ಟಿತ್ತು.

ಖಾಲಾ ಪೊರೆ ಬಿಟ್ಟದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಎಂಬತ್ತೇಳರ ಒಂದು ಶುಕ್ರವಾರ ಬೆಳಗ್ಗೆ ಮಹಮೂದಾ ಬಂದು ಕರೆದಳು. ಹೋಗಿ ನೋಡಿದರೆ ಖಾಲಾ ಅಂಗಾತ ಬಿದ್ದಿದ್ದಳು, ಎಂಟೂ ಕಾಲು ಮೇಲಕ್ಕೆ. ನಾನು ಮರುಕದ ಮಾತು ಹುಡುಕುತ್ತಿದ್ದೆ. ಮಹಮೂದಾ ಬೆರಳು ತುಟಿಗಿಟ್ಟು, “ಸುಮ್ನಿರಿ ಮೇಡಂ. ಬಟ್ಟೆ ಬದಲಾಯಿಸ್ತಾ ಇದ್ದಾಳೆ,” ಎಂದಳು. ಸ್ವಲ್ಪ ಹೊತ್ತಿಗೆ ಎದೆಯ ಭಾಗ ಡಬ್ಬಿಯ ಮುಚ್ಚಳದಂತೆ ಬಿಟ್ಟುಕೊಂಡಿತು. ಆಮೇಲೆ ಒಂದೊಂದೇ ಕಾಲು, ಬಿಗಿಯಾದ ಕಾಲುಚೀಲದಿಂದ ಎಳೆದುಕೊಂಡ ಹಾಗೆ, ಹೊರಗೆ ಬಂತು. ಎರಡು ಗಂಟೆ ಹಿಡಿಯಿತು. ಕೊನೆಗೆ ಭರಣಿಯಲ್ಲಿ ಎರಡು ಜೇಡ: ಒಂದು ಟೊಳ್ಳು, ಒಂದು ಹೊಸದು. ಹೊಸದರ ಹಲ್ಲು ಹಾಲಿನಷ್ಟು ಬೆಳ್ಳಗಿತ್ತು.

ಆ ಎರಡು ಗಂಟೆಯೂ ಮಹಮೂದಾ ಭರಣಿಯ ಮೂಲೆಯಲ್ಲಿದ್ದ ಹತ್ತಿಗೆ ಚಮಚದಿಂದ ನೀರು ಹನಿಸುತ್ತಿದ್ದಳು. ಒದ್ದೆ ಇಲ್ಲದಿದ್ದರೆ ಹಳೆಯ ಚರ್ಮ ಒಣಗಿ ಬಿಗಿದುಕೊಳ್ಳುತ್ತದೆ, ಒಳಗಿರುವುದು ಅಲ್ಲೇ ಸಿಕ್ಕಿಕೊಂಡು ಸಾಯುತ್ತದೆ ಎಂದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೂರು ಚೇಳು ಸತ್ತ ಮೇಲೆ ಕಲಿತದ್ದು. ಬಿಟ್ಟ ಪೊರೆಯನ್ನು ಸೀರೆ ಡಬ್ಬದ ರಟ್ಟಿಗೆ ಗೋಂದಿನಲ್ಲಿ ಅಂಟಿಸಿ, ಕೆಳಗೆ ಉರ್ದುವಿನಲ್ಲಿ ತಾರೀಖು ಬರೆದಳು. ಉಗುರಿನಷ್ಟರಿಂದ ಅಂಗೈಯಷ್ಟರವರೆಗೆ ಸಾಲಾಗಿ ಒಂಬತ್ತು ಪೊರೆ. ನನ್ನ ಶಾಲೆಯ ವರ್ಷಾವರ್ಷದ ಗುಂಪು ಫೋಟೋಗಳಲ್ಲಿ ಕೂಡ ಬೆಳವಣಿಗೆ ಇಷ್ಟು ಸ್ಪಷ್ಟವಾಗಿ ಕಂಡದ್ದಿಲ್ಲ.

ಬೇಸಿನ್ನಿನ ಹಬೆ ಎದೆಗೆ ಇಳಿಯಲು ಇಪ್ಪತ್ತು ವರ್ಷ ಸಾಕು. ಎಂಬತ್ತೆಂಟರ ಹೊತ್ತಿಗೆ ಮಹಮೂದಾ ಓಣಿಯ ತುದಿಯಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಚಿಂತಾಮಣಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹಬೆಯ ಮುಂದೆ ಕೂರುವುದನ್ನು ಬಿಡಬೇಕು, ಇಲ್ಲವಾದರೆ ಹೆಚ್ಚು ವರ್ಷ ಇಲ್ಲ ಎಂದರು. ಚಿಂತೆಗೆ ಮಣಿಯಬೇಡಿ ಎಂದೂ ಹೇಳಿದರಂತೆ. ಊರಿನ ಹೆಸರಿಗೆ ಒಪ್ಪುವ ಮಾತು. ಆದರೆ ಬೇಸಿನ್ನು ಬಿಟ್ಟರೆ ಶಿಡ್ಲಘಟ್ಟದಲ್ಲಿ ಅವಳಂಥವಳಿಗೆ ಇನ್ನೇನು ಕೆಲಸ? ಷರೀಫ್ ಕೆಟ್ಟವನಲ್ಲ. ಆದರೆ ನಾಲ್ಕರಲ್ಲಿ ಒಂದು ಬೇಸಿನ್ನು ನಿಂತರೆ ಮನೆಯ ಕಾಲು ಭಾಗ ಒಲೆ ಆರುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಆಗ ಬಂದವರು ವೆಂಕಟೇಶ್ ಮೇಷ್ಟ್ರು. ಚಿಂತಾಮಣಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುವವರು. ವಿದ್ಯಾರ್ಥಿಗಳಿಗೆ ನೂಲು ಬಿಚ್ಚುವುದನ್ನು ತೋರಿಸಲು ಕರೆತಂದವರು ಕೆಮ್ಮು ಕೇಳಿ ಸೌದೆ ಕೋಣೆಗೆ ಇಣುಕಿ, ಅಲ್ಲೇ ನಿಂತುಬಿಟ್ಟರು. ಒಂಬತ್ತು ಪೊರೆಗಳ ರಟ್ಟನ್ನು ಕೈಯಲ್ಲಿ ಹಿಡಿದು, ಇಂಥದ್ದು ತಮ್ಮ ಕಾಲೇಜಿನಲ್ಲಿರಲಿ, ತಾವು ಓದಿದ ಕಾಲೇಜಿನಲ್ಲೂ ಇರಲಿಲ್ಲ ಎಂದರು. ಹದಿನೈದು ದಿನಕ್ಕೆ ಮತ್ತೆ ಬಂದರು, ಜೊತೆಯಲ್ಲಿ ಕಾಲೇಜು ಕಮಿಟಿಯ ಅಧ್ಯಕ್ಷ ನಲ್ಲಪ್ಪನವರು. ಕಮಿಟಿಯಲ್ಲಿ ಓದಿದವರು ಕಮ್ಮಿ, ನಲ್ಲಪ್ಪನವರು ಅದನ್ನು ಮುಚ್ಚಿಡುವವರೂ ಅಲ್ಲ. ಖಾಲಾ ಒಂದು ಜಿರಳೆ ಹಿಡಿದದ್ದನ್ನು ನೋಡಿ ಮಗುವಿನಂತೆ ಕೈ ತಟ್ಟಿದರು. ಫೆಬ್ರವರಿಯ ಕಾಲೇಜು ದಿನದಂದು ಪ್ರಾಣಿಗಳ ಒಂದು ಕೋಣೆ ಶುರು ಮಾಡುತ್ತೇವೆ, ಜೀವಂತ ಜೇಡ ಅದರ ಮಧ್ಯದಲ್ಲಿರಬೇಕು, ಅದನ್ನು ನೋಡಿಕೊಳ್ಳಲು ಈಕೆಯೇ ಅಟೆಂಡರ್ ಆಗಿ ಬರಲಿ ಎಂದರು.

“ಜೇಡ ಬಂದ್ರೆ ಕೆಲಸ ಗ್ಯಾರಂಟಿ ಕಣಮ್ಮ,” ಎಂದರು ಹೊರಡುವಾಗ.

ಆ ದಿನ ಮಹಮೂದಾ ನಮ್ಮ ಜಗಲಿಯಲ್ಲಿ ಕೂತು, ಅಟೆಂಡರ್ ಎಂದರೆ ಕುರ್ಚಿ ಕೊಡುತ್ತಾರಾ, ಸ್ಟೂಲಾ ಎಂದು ಕೇಳಿದಳು. ಸ್ಟೂಲು ಎಂದೆ. ಸ್ಟೂಲಾದರೂ ಪರವಾಗಿಲ್ಲ, ಕೆಳಗೆ ಒಲೆ ಇರುವುದಿಲ್ಲವಲ್ಲ ಎಂದಳು.

ಡಿಸೆಂಬರಿನ ಚಳಿಯಲ್ಲಿ ಅವಳ ಉಸಿರು ಕಟ್ಟಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಮೂರು ವಾರವಾದರೂ ಆಗುತ್ತದೆ ಎಂದರು. ಅವಳಿಗಿದ್ದ ಚಿಂತೆ ಒಂದೇ. ಖಾಲಾ ಪೊರೆ ಬಿಡುವ ಕಾಲ ಹತ್ತಿರ ಬಂದಿತ್ತು. ಬಾನು ಆಗ ಬಸುರಿ. ಮನೆಯಲ್ಲಿ ಖಾಲಾಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮಹಮೂದಾ ನನ್ನನ್ನು ಕೇಳಿದಳು. ಹದಿನೆಂಟು ಬಾಟಲಿಗಳನ್ನು ನಮ್ಮ ಹಿತ್ತಲ ಕೋಣೆಯಲ್ಲಿ ಇಡಿಸಿಕೊಂಡೆ. ಭರಣಿ ಮಾತ್ರ ಒಲ್ಲೆ ಎಂದೆ. ಮುಚ್ಚಳ ತೆಗೆದು ನೀರು ಹನಿಸುವುದು ನನ್ನಿಂದಾಗದು ಎಂದೆ. ಬೆರಳು ನಡುಗಿದ್ದು ನಿಜ. ಆದರೆ ನಡುಗುವ ಬೆರಳಿನಿಂದಲೂ ಚಮಚ ಹಿಡಿಯಬಹುದು. ಇದನ್ನು ಆಗ ಯಾರೂ ಹೇಳಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ.

ಕೊನೆಗೆ ಭರಣಿ ಹೋದದ್ದು ದಿಬ್ಬೂರಹಳ್ಳಿಯ ಅಶ್ವತ್ಥಮ್ಮನ ಮನೆಗೆ. ಅಶ್ವತ್ಥಮ್ಮ ರೇಷ್ಮೆ ಹುಳು ಸಾಕುವವಳು. ಮಾರುಕಟ್ಟೆಗೆ ಗೂಡು ತಂದ ದಿನವೆಲ್ಲ ಮಹಮೂದಾಳ ಬೇಸಿನ್ನಿನ ಪಕ್ಕ ಕೂತು ಚಹಾ ಕುಡಿದೇ ಹೋಗುತ್ತಿದ್ದಳು. ಮೊದಮೊದಲು ತನ್ನ ಲೋಟ ತಾನೇ ತರುತ್ತಿದ್ದಳು. ಒಂದು ಸಲ ಮರೆತು ಬಂದಳು, ಆಮೇಲೆ ತರಲೇ ಇಲ್ಲ. ಇಬ್ಬರ ನಡುವೆ ಒಂದು ಹಳೆಯ ತಮಾಷೆ ಇತ್ತು.

“ಮಗೀನ ಸಾಕ್ದಂಗೆ ಸಾಕಿ ತಂದ್ಕೊಡ್ತೀನಿ, ನೀನು ಸಾರಿಗೆ ಹಾಕ್ದಂಗೆ ಹಾಕ್ತೀಯಲ್ಲೇ ಮಾಮೂದಾ,” ಎನ್ನುವಳು ಅಶ್ವತ್ಥಮ್ಮ.

“ನೀವು ತರೋದು ನಿಲ್ಸಿ ಅಕ್ಕ, ನಾನು ಬೇಯ್ಸೋದು ನಿಲ್ಲಿಸ್ತೀನಿ,” ಎನ್ನುವಳು ಇವಳು.

ತಮಾಷೆಯ ಒಳಗೆ ನಿಜವಿತ್ತು. ಸಾಕುವ ಹಳ್ಳಿಯವರಿಗೆ ಗೂಡಿನ ಕೊನೆ ಗೊತ್ತಿಲ್ಲ, ಬೇಯಿಸುವ ಪೇಟೆಯವರಿಗೆ ಹುಳುವಿನ ಬಾಳು ಗೊತ್ತಿಲ್ಲ. ಎಪ್ಪತ್ತು ಲಕ್ಷ ಗೂಡು ಬಿಚ್ಚಿರಬಹುದಾದ ಮಹಮೂದಾ ಒಂದು ದಿನವೂ ಹುಳು ಸಾಕಿದ ಮನೆಯೊಳಗೆ ಕಾಲಿಟ್ಟಿರಲಿಲ್ಲ.

ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಅವಳು ಅಶ್ವತ್ಥಮ್ಮನಿಗೆ ಎರಡೇ ಮಾತು ಹೇಳಿದಳು. ವಾರಕ್ಕೊಂದು ಜಿರಳೆ ಸಾಕು, ಹತ್ತಿ ಮಾತ್ರ ಒಣಗಬಾರದು. ಅಶ್ವತ್ಥಮ್ಮ ಭರಣಿಯನ್ನು ಸೆರಗಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ನಲವತ್ತು ವರ್ಷ ಹುಳು ಸಾಕಿದ ಕೈ. ಆ ತಾಲ್ಲೂಕಿನಲ್ಲಿ ಖಾಲಾಗೆ ಅದಕ್ಕಿಂತ ಒಳ್ಳೆಯ ಜಾಗ ನನಗೂ ಹೊಳೆದಿರಲಿಲ್ಲ.

ಜನವರಿ ಮೂರನೆಯ ವಾರದಲ್ಲಿ ಮಹಮೂದಾ ಆಸ್ಪತ್ರೆಯಿಂದ ಬಂದಳು. ಕಾಲೇಜು ದಿನಕ್ಕೆ ಇನ್ನು ಇಪ್ಪತ್ತು ದಿನ. ಮಾರನೆಯ ಬೆಳಗ್ಗೆಯೇ ದಿಬ್ಬೂರಹಳ್ಳಿಗೆ ಹೊರಟಳು, ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ರಜೆ ಹಾಕಿ ಹೋದೆ. ಬಸ್ಸಿನಲ್ಲಿ ಅವಳ ಮುಖ ತೆಳ್ಳಗಾಗಿತ್ತು, ಬೆರಳುಗಳು ಮಾತ್ರ ಮೂರು ವಾರ ನೀರು ಕಾಣದೆ ಮನುಷ್ಯರ ಬೆರಳಿನಂತೆ ಕಾಣುತ್ತಿದ್ದವು.

ಅಶ್ವತ್ಥಮ್ಮ ಬಾಗಿಲಲ್ಲೇ ತಡೆದು, ಕಾಲು ತೊಳೆಸಿ, ಮೆಲ್ಲಗೆ ಮಾತಾಡಿ ಎಂದಳು. ಒಳಗೆ ಬಿದಿರು ತಟ್ಟೆಗಳ ಸಾಲು. ಹುಳುಗಳು ತಲೆ ಎತ್ತಿ ಅಲುಗಾಡದೆ ನಿಂತಿದ್ದವು. ರೇಷ್ಮೆ ಹುಳುವೂ ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಜ್ವರದ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಸದ್ದು ಮಾಡುವುದಿಲ್ಲ, ತಟ್ಟೆಯಲ್ಲಿ ತೇವ ನಿಲ್ಲಬಾರದೆಂದು ಸುಣ್ಣದ ಪುಡಿ ಉದುರಿಸಿ ಗಾಳಿಯಾಡಲು ಬಿಡುತ್ತಾರೆ. ತೇವ ಇದ್ದರೆ ರೋಗ ಹತ್ತಿ ಮನೆಯ ಹುಳುವೆಲ್ಲ ಹೋಗುತ್ತದೆ. ಇದೆಲ್ಲವನ್ನೂ ಅಶ್ವತ್ಥಮ್ಮ ಪಿಸುಮಾತಿನಲ್ಲಿ ನಮಗೆ ವಿವರಿಸಿದಳು. ಮಹಮೂದಾ ಹುಳುಗಳನ್ನು ನೋಡುತ್ತ ನಿಂತಿದ್ದಳು, ಅವನ್ನು ಜೀವಂತವಾಗಿ ಅಷ್ಟು ಹತ್ತಿರ ನೋಡಿದ್ದು ಅದೇ ಮೊದಲು. ಸುಣ್ಣ ಎಂಬ ಮಾತು ಬಂದಾಗ ತಟ್ಟನೆ ತಿರುಗಿದಳು.

“ಖಾಲಾ ಎಲ್ಲಿ ಅಕ್ಕ?”

ಅಶ್ವತ್ಥಮ್ಮನ ಮುಖ ಅರಳಿತು. ಅತ್ಯಂತ ಒಳ್ಳೆಯ ಗಾಳಿಯಿರುವ ಕಿಟಕಿಯ ಪಕ್ಕ ಭರಣಿ ಇತ್ತು. ಮುಚ್ಚಳ ತೆಗೆದು ಬಾಯಿಗೆ ಹಳೆಯ ಸೊಳ್ಳೆಪರದೆ ಕಟ್ಟಿದ್ದಳು.

“ಆರು ದಿವಸ ಆಯ್ತು, ಊಟ ಬಿಟ್ಟೈತೆ. ನೋಡ್ದೇಟ್ಗೆ ಗೊತ್ತಾಯ್ತು, ಜ್ವರಕ್ಕೆ ಕೂತೈತೆ ಅಂತ. ನೀನು ಹತ್ತಿ ಒಣಗ್ಬಾರ್ದು ಅಂದಿದ್ದೆ. ಅದು ತಿನ್ನೋವಾಗ ಸರಿನಮ್ಮ, ಜ್ವರದಾಗೆ ಒದ್ದೆ ಇಡ್ತಾರಾ? ನೀವು ಬೇಯ್ಸೋರು, ನಿಮಗೇನು ಗೊತ್ತು. ಹತ್ತಿ ತೆಗೆದಾಕ್ಬುಟ್ಟು ದಿನಾ ಎರಡೊತ್ತೂ ಸುಣ್ಣ ಉದುರಿಸ್ದೆ. ನನ್ನ ಹುಳೀಗೆ ಹಾಕಕ್ಕೂ ಮೊದ್ಲು ಇದಕ್ಕೆ.”

ಭರಣಿಯ ತಳದಲ್ಲಿ ಬೆಳ್ಳಗೆ, ಹಬ್ಬಕ್ಕೆ ಬಳಿದ ಗೋಡೆಯಂತೆ, ಸುಣ್ಣ. ಅದರ ಮೇಲೆ ಖಾಲಾ ಅಂಗಾತ ಬಿದ್ದಿದ್ದಳು. ಮುಚ್ಚಳದಂಥ ಎದೆ ತೆರೆದಿತ್ತು. ಮೂರು ಕಾಲು ಹೊರಗೆ ಬಂದಿದ್ದವು. ಐದು ಬಂದಿರಲಿಲ್ಲ. ಹೊರಗೆ ಬಂದವುಗಳಲ್ಲಿ ಒಂದು ಇನ್ನೂ ಅಲುಗಾಡುತ್ತಿತ್ತು.

ಮಹಮೂದಾ ಉಗುರುಬೆಚ್ಚಗಿನ ನೀರು ಕೇಳಿದಳು, ಮರಿಹುಳು ಸರಿಸಲು ಇಟ್ಟುಕೊಂಡಿರುವ ಕೋಳಿ ಗರಿ ಕೇಳಿದಳು. ನೆಲದಲ್ಲಿ ಕೂತು ಖಾಲಾಳನ್ನು ಸೆರಗಿನ ಮೇಲಿಟ್ಟುಕೊಂಡು ಗರಿಯಿಂದ ಸುಣ್ಣ ಒರೆಸಿ, ಒಂದೊಂದು ಕಾಲಿಗೂ ನೀರು ಮುಟ್ಟಿಸುತ್ತ ಹೋದಳು. ಇಪ್ಪತ್ತೈದು ವರ್ಷ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿದ ಬೆರಳುಗಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡು ಕಾಲು ಬಿಡಿಸಿದಳು. ಮೂರನೆಯದು ಬುಡದಲ್ಲೇ ಮುರಿದು ಬಂತು. ಅಶ್ವತ್ಥಮ್ಮ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ. ಹುಳು ಮನೆಯ ನಿಶ್ಶಬ್ದದಲ್ಲಿ ಮಹಮೂದಾಳ ಉಸಿರಿನ ಸಿಳ್ಳೆಯೊಂದೇ ಕೇಳುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಖಾಲಾಳ ಉಳಿದ ಕಾಲುಗಳು ನಿಧಾನವಾಗಿ ಒಳಕ್ಕೆ ಮಡಿಚಿಕೊಂಡವು, ಮುಷ್ಟಿ ಕಟ್ಟಿದ ಹಾಗೆ. ಮಹಮೂದಾ ಗರಿಯನ್ನು ತೊಳೆದು ಎಲ್ಲಿಂದ ತೆಗೆದಿದ್ದರೋ ಅಲ್ಲೇ ಇಟ್ಟಳು.

ಅಶ್ವತ್ಥಮ್ಮ ಬಿಕ್ಕಿ ಬಿಕ್ಕಿ ಅತ್ತಳು.

“ಸುಣ್ಣ ಸಾಲ್ಲಿಲ್ವೇನೋ ಕಣಮ್ಮ. ಇನ್ನೊಂದಿಡಿ ಹಾಕ್ಬೇಕಿತ್ತು.”

“ಇಲ್ಲಕ್ಕ,” ಎಂದಳು ಮಹಮೂದಾ. “ಅದಕ್ಕೆ ವಯಸ್ಸಾಗಿತ್ತು. ನೀವು ಚೆನ್ನಾಗೇ ನೋಡ್ಕೊಂಡ್ರಿ.”

ವಾಪಸು ಬರುವ ಬಸ್ಸಿನಲ್ಲಿ ನಾನು ತಡೆಯಲಾರದೆ, ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

“ಹೇಳಿದ್ರೆ ಸುಣ್ಣ ಹಾಕುವಾಗೆಲ್ಲ ಅಕ್ಕನ ಕೈ ನಡುಗ್ತದೆ ಮೇಡಂ. ಅವರ ಹುಳೀಗೆ ಅದು ಬೇಕಲ್ಲ.”

ವೆಂಕಟೇಶ್ ಮೇಷ್ಟ್ರು ಬಂದು, ಸತ್ತ ಖಾಲಾಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಪೊರೆಗಳ ರಟ್ಟನ್ನಾದರೂ ತೋರಿಸಿ ಕೇಳುತ್ತೇನೆ ಎಂದು ತೆಗೆದುಕೊಂಡು ಹೋದರು. ನಲ್ಲಪ್ಪನವರು, ಬರೀ ಅಂಗಿಗಳನ್ನು ನೋಡಿಕೊಳ್ಳಲು ಆಳು ಯಾಕೆ ಎಂದರಂತೆ. ಕಾಲೇಜು ದಿನದಂದು ಕೋಣೆಯ ಮಧ್ಯದಲ್ಲಿ ಹೊಟ್ಟು ತುಂಬಿದ ಒಂದು ಮುಂಗುಸಿ ನಿಂತಿತು. ಅದಕ್ಕೆ ಊಟ ಬೇಡ, ನೀರು ಬೇಡ, ಅಟೆಂಡರೂ ಬೇಡ. ಮೇಷ್ಟ್ರು ಬೇರೆ ಜೇಡ ಹಿಡಿದು ಬೆಳೆಸಲು ಹೇಳಿದರು. ಖಾಲಾ ಅಷ್ಟಾಗಲು ಎಂಟು ವರ್ಷ ಹಿಡಿದಿತ್ತು. ಅಷ್ಟು ವರ್ಷ ತನ್ನ ಕೈಯಲ್ಲಿಲ್ಲ ಎಂಬುದು ಮಹಮೂದಾಗೆ ಗೊತ್ತಿತ್ತು, ಮೇಷ್ಟ್ರಿಗೆ ಹೇಳಲಿಲ್ಲ.

ಸೋಮವಾರ ಬೇಸಿನ್ನಿಗೆ ಕೂತಳು. ನಮ್ಮ ಹಿತ್ತಲ ಕೋಣೆಯಿಂದ ಹದಿನೆಂಟು ಬಾಟಲಿಗಳನ್ನು ತರಿಸಿಕೊಂಡು, ಸೌದೆ ತರುವ ಗಾಡಿಯವನಿಗೆ ಕೊಟ್ಟು, ಬೆಟ್ಟದ ಬುಡದಲ್ಲಿ ಮುಚ್ಚಳ ತೆಗೆಯಲು ಹೇಳಿದಳು. ಅವನು ತೆಗೆದನೋ, ಬಾಟಲಿ ಸಮೇತ ಹಳ್ಳಕ್ಕೆಸೆದನೋ ಯಾರೂ ವಿಚಾರಿಸಲಿಲ್ಲ. ಖಾಲಿ ಹಲಗೆಯ ಮೇಲೆ ಬಾನು ಮಗುವಿನ ಬಟ್ಟೆ ಇಟ್ಟಳು.

ತೊಂಬತ್ತೊಂದರ ಬೇಸಿಗೆಯಲ್ಲಿ, ಮಾರುಕಟ್ಟೆಯ ದಿನ, ನಾನು ಅಲ್ಲೇ ಇದ್ದಾಗ ಅಶ್ವತ್ಥಮ್ಮ ಬಂದಳು. ಮಹಮೂದಾ ಅಷ್ಟು ಹೊತ್ತಿಗೆ ಒಂದು ವಾಕ್ಯವನ್ನು ಎರಡು ಉಸಿರಿನಲ್ಲಿ ಹೇಳುತ್ತಿದ್ದಳು. ಅಶ್ವತ್ಥಮ್ಮ ಮಡಿಲಿನಿಂದ ಒಂದು ಹಳೆಯ ಪೌಡರ್ ಡಬ್ಬಿ ತೆಗೆದು ಅವಳ ಕೈಗಿಟ್ಟಳು. ಹಿಪ್ಪುನೇರಳೆ ತೋಟದಲ್ಲಿ ಅಗೆಯುವಾಗ ಬಿಲದಲ್ಲಿ ಸಿಕ್ಕಿತಂತೆ, ಥೇಟ್ ಖಾಲಾಳ ಮಗಳು. ಎರಡು ವರ್ಷದಿಂದ ಹುಡುಕುತ್ತಿದ್ದಳಂತೆ.

“ಈ ಸಲ ತಪ್ಪು ಮಾಡ್ಲಿಲ್ಲ ಕಣೇ,” ಎಂದಳು. “ಸಿಕ್ಕಿದ ದಿವಸದಿಂದ್ಲೇ ಹಾಕಿವ್ನಿ, ಡಬ್ಬಿ ತುಂಬ.”

ಮಹಮೂದಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಚ್ಚಳ ಒಂದಿಷ್ಟೇ ತೆಗೆದಳು. ನಾನಿದ್ದ ಕಡೆಯಿಂದ ಬಿಳುಪು ಮಾತ್ರ ಕಂಡಿತು. ಮುಚ್ಚಳ ಹಾಕಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಚೆನ್ನಾಗಿದೆ ಅಕ್ಕ,” ಎಂದಳು. ಇನ್ನೊಂದು ಉಸಿರು ತೆಗೆದುಕೊಂಡಳು. “ಮಲಗಿದೆ.”

ಡಬ್ಬಿಯನ್ನು ಪಕ್ಕಕ್ಕಿಟ್ಟು, ಅಶ್ವತ್ಥಮ್ಮನಿಗೆ ಚಹಾ ತರಲು ಬಾನುವನ್ನು ಕೂಗಿದಳು. ಕೂಗು ಕೆಮ್ಮಾಯಿತು. ನಾನು ಎದ್ದು ಹೋಗಿ ಚಹಾ ತಂದೆ.